ಜೆಸಿಬಿಗೂ ಒಂದು ಮುಹೂರ್ತ

ಸಾಗರದ ಹತ್ತಿರ ನಮ್ಮ ದೊಡ್ಡಪ್ಪನ ಮನೆಗೆ ಪಾಯ ತೆಗೆಯುವ ದಿನ. ಜೋಯಿಸರು ನಿಮಿಷದ ಲೆಕ್ಕದಲ್ಲಿ ಮುಹೂರ್ತ ಇಟ್ಟುಕೊಟ್ಟಿದ್ದರು. ಭೂಮಿಪೂಜೆ ಮುಗಿದ ಕೂಡಲೇ ಜೆಸಿಬಿ ಇಳಿಯಿತು. ಎರಡನೇ ಸಲ ಎತ್ತಿದ ಮಣ್ಣಿನಲ್ಲಿ ಗೇಣುದ್ದದ ಒಂದು ಜೀವಿ ಒದ್ದಾಡುತ್ತಿತ್ತು. ಮೈತುಂಬ ಬಳೆ ತೊಡಿಸಿದಂತೆ ಉಂಗುರಗಳು, ಪಕ್ಕದಲ್ಲಿ ಹಳದಿ ಗೀಟು. "ಹಾವಿನ ಮರಿ!" ಅಂದ ಮೇಸ್ತ್ರಿ. ಗುದ್ದಲಿ ಬಿತ್ತು.

ಅದು ಹಾವಲ್ಲ, ಸಿಸಿಲಿಯನ್. ಕಾಲಿಲ್ಲದ ಉಭಯವಾಸಿ, ಕಪ್ಪೆಯ ದೂರದ ನೆಂಟ. ಮಲೆನಾಡಿನ ಒದ್ದೆ ಮಣ್ಣಿನಲ್ಲಿ ಎರೆಹುಳ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ದೊಡ್ಡಮ್ಮನಿಗೆ ಮಾತ್ರ ಹಾವು ಕೊಂದ ದೋಷದ ಚಿಂತೆ. ಸಾಯಿಸಿದ್ದು ಕಪ್ಪೆಯ ನೆಂಟನನ್ನು, ಶಾಂತಿ ಮಾಡಿಸಿದ್ದು ನಾಗನಿಗೆ! ಮುಹೂರ್ತ ನೋಡಿದ್ದು ತಪ್ಪು ಅಂತ ನಾನು ಜಗಳಕ್ಕೆ ಹೋಗುವುದಿಲ್ಲ. ಯಾರ ಪಂಚಾಂಗ ನೋಡಿದೆವು ಅನ್ನುವುದು ನನ್ನ ತಕರಾರು.

ಜೆಸಿಬಿ ಹುಟ್ಟಿದ ದೇಶದಲ್ಲಿ ಇನ್ನೊಂದು ಪಂಚಾಂಗ ಇದೆ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ 1945ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಶುರು ಮಾಡಿದ ಕಂಪನಿ ಅದು. ಅವನ ಹೆಸರಿನ ಮೂರು ಅಕ್ಷರವೇ ನಮ್ಮಲ್ಲಿ ಮಣ್ಣು ತೋಡುವ ಯಂತ್ರದ ಹೆಸರಾಗಿಬಿಟ್ಟಿದೆ. (ದೊಡ್ಡದು ಬಂದರೆ 'ಹಿಟಾಚಿ', ಅದು ಬೇರೆ ಕಥೆ.) ಆ ದೇಶದಲ್ಲಿ ಹಳೇ ಕೊಳದ ಪಕ್ಕ ಕಟ್ಟಡ ಏಳಬೇಕಾದರೆ ಸೈಟಿನಲ್ಲಿ ಎಂಜಿನಿಯರ್ ಜೊತೆ ಇನ್ನೊಬ್ಬರು ಹೆಲ್ಮೆಟ್ ಹಾಕಿಕೊಂಡು ನಿಂತಿರುವುದುಂಟು. ಹುದ್ದೆಯ ಹೆಸರು ಎಕಾಲಾಜಿಕಲ್ ಕ್ಲರ್ಕ್ ಆಫ್ ವರ್ಕ್ಸ್. ಕ್ಲರ್ಕ್ ಅಂದರೆ ಗುಮಾಸ್ತ ಅಂದುಕೊಳ್ಳಬೇಡಿ. 14ನೇ ಶತಮಾನದಲ್ಲೇ ದೊರೆಯ ಕಟ್ಟಡಗಳಿಗೆ 'ಕ್ಲರ್ಕ್ ಆಫ್ ವರ್ಕ್ಸ್' ಇರುತ್ತಿದ್ದ. ಕಲ್ಲು, ಮರ, ಕೂಲಿ ಎಲ್ಲದರ ಮೇಲೂ ಅವನ ಕಣ್ಣು. ಈಗಿನವರ ಕಣ್ಣು ಜೀವಜಂತುಗಳ ಮೇಲೆ.

ಅಲ್ಲಿನ ಹೆಸರುವಾಸಿ ಪ್ರಾಣಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್. ನೋಡಲು ಹಲ್ಲಿಯ ಹಾಗೆ, ಆದರೆ ಹಲ್ಲಿಯಲ್ಲ. ಇದೂ ಉಭಯವಾಸಿಯೇ. ಗೇಣಿಗಿಂತ ಸ್ವಲ್ಪ ಚಿಕ್ಕದು. ಕಪ್ಪು ಬೆನ್ನು, ಕಿತ್ತಳೆ ಹೊಟ್ಟೆ. ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರದು ಇನ್ನೊಂದಕ್ಕಿಲ್ಲ. 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದಕ್ಕಿದೆ.

ಇದರ ಬಗ್ಗೆ ನನಗೆ ಅತಿ ಇಷ್ಟವಾದ ವಿಷಯ ಒಂದಿದೆ. ಹೆಣ್ಣು ವರ್ಷಕ್ಕೆ ಇನ್ನೂರು ಚಿಲ್ಲರೆ ಮೊಟ್ಟೆ ಇಡುತ್ತದೆ. ಒಂದೊಂದನ್ನೂ ನೀರಿನ ಗಿಡದ ಎಲೆ ಮಡಚಿ, ಬೀಡಾ ಕಟ್ಟಿದ ಹಾಗೆ ಒಳಗಿಡುತ್ತದೆ. ಇಷ್ಟು ಜೋಪಾನ ಮಾಡಿದರೂ ಅರ್ಧದಷ್ಟು ಮರಿಗಳು ಮೊಟ್ಟೆಯಿಂದ ಹೊರಬರುವ ಮೊದಲೇ ಸಾಯುತ್ತವೆ. ಶತ್ರು ಬೇಡ, ರೋಗ ಬೇಡ. ಕಾರಣ ಮೊದಲನೇ ಕ್ರೋಮೋಸೋಮ್. ಅದರಲ್ಲಿ ಎರಡು ನಮೂನೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಅನ್ನಿ. ಬದುಕಬೇಕಾದರೆ ಎರಡೂ ಒಂದೊಂದು ಇರಲೇಬೇಕು. ಅಪ್ಪನ ಹತ್ತಿರ ಒಂದು ಜೋಡಿ, ಅಮ್ಮನ ಹತ್ತಿರ ಒಂದು ಜೋಡಿ. ಇಬ್ಬರೂ ಕಣ್ಣುಮುಚ್ಚಿ ಒಂದೊಂದು ಚಪ್ಪಲಿ ಮಗುವಿಗೆ ಕೊಡುತ್ತಾರೆ. ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಎಡ, ಇನ್ನೊಂದಕ್ಕೆ ಎರಡೂ ಬಲ. ಅವೆರಡೂ ಹೋದವು. ಮದುವೆಮನೆ ಬಾಗಿಲಲ್ಲಿ ಕರೆಂಟ್ ಹೋದಾಗ ಚಪ್ಪಲಿ ಹುಡುಕಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಹೀಗೆ ಅರ್ಧ ಕಳೆದುಕೊಂಡು, ಉಳಿದದ್ದರಲ್ಲಿ ಮೀನಿಗೆ, ಜೀರುಂಡೆಗೆ ತುತ್ತಾಗಿ ಮಿಕ್ಕಿ ಬೆಳೆದ ಒಂದು ದೊಡ್ಡ ನ್ಯೂಟ್ ಜೆಸಿಬಿಗೆ ಸಿಕ್ಕಿ ಸತ್ತರೆ ನಷ್ಟ ಎಷ್ಟು ಅಂತ ನೀವೇ ಹೇಳಿ.

ಕೊಳವನ್ನು ಮುಟ್ಟದೆ ಬಿಟ್ಟರೆ ಸಾಕಲ್ವಾ ಅಂದರೆ, ಸಾಲದು. ನ್ಯೂಟ್ ಕೊಳದಲ್ಲಿರುವುದು ವಸಂತದಲ್ಲಿ, ಸಂಸಾರಕ್ಕೆ. ವರ್ಷದ ಹೆಚ್ಚು ಕಾಲ ನೆಲದ ಮೇಲೆ, ಕಲ್ಲುರಾಶಿಯ ಸಂದಿಯಲ್ಲಿ, ಬೇಲಿಯ ಬುಡದಲ್ಲಿ. ಕೊಳದಿಂದ ಇನ್ನೂರು ಮುನ್ನೂರು ಮೀಟರ್ ಆಚೆಗೂ ಹೋಗಿರುತ್ತದೆ. ನಕ್ಷೆಯಲ್ಲಿ ಖಾಲಿ ಜಾಗ ಅಂತ ಕಾಣುವುದು ಅದರ ಮಲಗುವ ಕೋಣೆ.

ಅದಕ್ಕೇ ಜೆಸಿಬಿಯ ಬಕೆಟ್ ಇಳಿಯುವ ಮೊದಲು ಪ್ಲಾಸ್ಟಿಕ್ ಬಕೆಟ್ ಇಳಿಯಬೇಕು. ಸೈಟಿನ ಸುತ್ತ ಪ್ಲಾಸ್ಟಿಕ್ ಹಾಳೆಯ ಮೊಣಕಾಲೆತ್ತರದ ಬೇಲಿ. ಅಡಿಭಾಗ ಮಣ್ಣಿನಲ್ಲಿ ಹೂತಿರುತ್ತದೆ. ಬೇಲಿಯ ಉದ್ದಕ್ಕೂ ಅಲ್ಲಲ್ಲಿ ನೆಲಕ್ಕೆ ಸಮವಾಗಿ ಹುಗಿದ ಬಕೆಟ್‌ಗಳು. ಮಳೆ ಬಂದ ರಾತ್ರಿ ನ್ಯೂಟ್ ನಡೆಯುತ್ತದೆ. ಬೇಲಿ ಅಡ್ಡ ಬಂದರೆ ವಾಪಸ್ ಹೋಗದೆ ಅದರ ಬುಡ ಹಿಡಿದು ಸಾಗುತ್ತದೆ, ದೇವಸ್ಥಾನದ ಕ್ಯೂನಲ್ಲಿ ಕಂಬಿ ಹಿಡಿದು ಹೋಗುವ ನಮ್ಮ ಹಾಗೆ. ಕಂಬಿಯ ಕೊನೆಯಲ್ಲಿ ದೇವರ ಬದಲು ಬಕೆಟ್. ಒಳಗೆ ಮೈ ಒಣಗದಿರಲಿ ಅಂತ ಒದ್ದೆ ಪಾಚಿ. ತಪ್ಪಿ ಬಿದ್ದ ಇಲಿ ಹತ್ತಿಕೊಂಡು ಹೋಗಲಿ ಅಂತ ಒಂದು ಓರೆ ಕೋಲು. ಬೆಳಗ್ಗೆ ಬಿಸಿಲೇರುವ ಮೊದಲು ಲೈಸೆನ್ಸ್ ಇರುವವರು ಒಂದೊಂದೇ ಬಕೆಟ್ ನೋಡಿ, ಸಿಕ್ಕಿದ್ದನ್ನು ಎಣಿಸಿ, ಬೇಲಿಯಾಚೆ ಸಿದ್ಧಮಾಡಿದ ಜಾಗಕ್ಕೆ ಬಿಡುತ್ತಾರೆ.

ಇಷ್ಟಾದ ಮೇಲೂ ಕಲ್ಲುರಾಶಿಯನ್ನು ಕೈಯಲ್ಲೇ ಬಿಚ್ಚುತ್ತಾರೆ. ಮೇಲ್ಮಣ್ಣನ್ನು ಜೆಸಿಬಿ ಪದರ ಪದರವಾಗಿ ಕೆರೆಯುವಾಗ ಆ ಎಕಾಲಾಜಿಕಲ್ ಕ್ಲರ್ಕ್ ಪಕ್ಕದಲ್ಲೇ ನಿಂತಿರುತ್ತಾನೆ. ಕೈ ಎತ್ತಿದರೆ ಡ್ರೈವರ್ ನಿಲ್ಲಿಸಬೇಕು. ಪರಿಸರ ವರದಿ ಎಷ್ಟೇ ದಪ್ಪ ಇರಲಿ, ಅದಕ್ಕೆ ಎತ್ತಲು ಕೈಯಿಲ್ಲ. ಸೈಟಿನಲ್ಲಿ ಜನ ಬೇಕಾಗುವುದು ಇಷ್ಟಕ್ಕೇ.

ಇದರ ಮೇಲೆ ಸಿಟ್ಟೂ ಇದೆ. 2020ರ ಜೂನ್‌ನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಭಾಷಣ ಮಾಡುತ್ತಾ, ನ್ಯೂಟ್ ಎಣಿಸುತ್ತಾ ಕೂತು ದೇಶದ ಏಳಿಗೆ ತಡವಾಗುತ್ತಿದೆ ಅಂದರು. ಎಚ್‌ಎಸ್‌2 ಎಂಬ ಹೈಸ್ಪೀಡ್ ರೈಲು ಮಾರ್ಗದಲ್ಲಿ ಬಾವಲಿಗಳು ರೈಲಿಗೆ ಬಡಿಯದಿರಲಿ ಅಂತ ಹಳಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಉದ್ದದ ಮರೆ ಕಟ್ಟಲು 10 ಕೋಟಿ ಪೌಂಡ್ ದಾಟಿದ ಖರ್ಚಿನ ಸುದ್ದಿ ಬಂದಾಗ ಜನ ಇನ್ನಷ್ಟು ರೇಗಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದು ನಕ್ಷೆಯ ಮೇಲಿನ ತೀರ್ಮಾನ, ಇದು ಬಕೆಟ್ ಮತ್ತು ಟಾರ್ಚಿನ ಕೆಲಸ. ಹಾಗಂತ ಬಕೆಟ್ ಪದ್ಧತಿ ಏನೂ ಹೊಳೆಯುವ ಚಿನ್ನವಲ್ಲ. ಸಾಗಿಸಿದ ನ್ಯೂಟ್‌ಗಳು ಹೊಸ ಜಾಗದಲ್ಲಿ ಬಾಳಿದವಾ ಅಂತ ವರ್ಷಗಟ್ಟಲೆ ಹೋಗಿ ನೋಡಿದ್ದು ಕಡಿಮೆ. ಬೇಲಿಯ ದುಡ್ಡಿನಲ್ಲಿ ಬೇರೆ ಕಡೆ ಒಳ್ಳೆ ಕೊಳ ತೋಡಿಸುವ ಏರ್ಪಾಡು ಈಚೆಗೆ ಬಂದಿದೆ. ಅದು ಜಾಸ್ತಿ ಬುದ್ಧಿವಂತಿಕೆ ಇರಬಹುದು.

ತಡವಾಗುವುದು ನಿಜವಾಗಿ ಎಲ್ಲಿ ಅಂದರೆ ಪಂಚಾಂಗ ನೋಡದವರ ಹತ್ತಿರ. ಚಳಿಗಾಲದಲ್ಲಿ ನ್ಯೂಟ್ ಮಣ್ಣಿನೊಳಗೆ ಮಲಗಿರುತ್ತದೆ, ಯಾವ ಬಕೆಟ್ಟಿಗೂ ಬೀಳುವುದಿಲ್ಲ. ಕಟ್ಟಿಸುವವರು ನವೆಂಬರ್‌ನಲ್ಲಿ ಬಂದು 'ಮುಂದಿನ ವಾರ ಪಾಯ' ಅಂದರೆ ವಸಂತದವರೆಗೆ ಕೂರಬೇಕು. 2001ರ ಇಂಗ್ಲಿಷ್ ಮಾರ್ಗಸೂಚಿ ಪ್ರಕಾರ ನ್ಯೂಟ್ ಕಡಿಮೆ ಇದ್ದರೆ ಕನಿಷ್ಠ 30 ರಾತ್ರಿ, ಹೆಚ್ಚಿದ್ದರೆ 90 ರಾತ್ರಿ ಬಕೆಟ್ ಇಡಬೇಕು. 5 ಡಿಗ್ರಿಗಿಂತ ತಣ್ಣಗಿದ್ದ ರಾತ್ರಿ ಲೆಕ್ಕಕ್ಕಿಲ್ಲ. ಕೊನೆಗೆ ಸತತ ಐದು ದಿನ ಎಲ್ಲ ಬಕೆಟ್ ಖಾಲಿ ಇರಬೇಕು. ನಾಲ್ಕು ದಿನ ಖಾಲಿ ಇದ್ದು ಐದನೇ ಬೆಳಗ್ಗೆ ಪಾಚಿಯ ಕೆಳಗೊಂದು ಕಿತ್ತಳೆ ಹೊಟ್ಟೆ ಕಂಡಿತು ಅನ್ನಿ. ಎಣಿಕೆ ಮತ್ತೆ ಒಂದರಿಂದ. ಡ್ರೈವರ್ ಎಂಜಿನ್ ಆರಿಸಿ ಚಹಾ ಕುಡಿಯಲು ಹೋಗುತ್ತಾನೆ.