ಕಚ್ಚಿದರೆ ಅಂಟುವ ಕ್ಯಾನ್ಸರ್: ಟ್ಯಾಸ್ಮೇನಿಯನ್ ಡೆವಿಲ್ ಕುರಿತ ಟಿಪ್ಪಣಿ

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಅಂತ ಓದಿಕೊಂಡೇ ಬಂದಿದ್ದೇವೆ. ಬಹುತೇಕ ಪ್ರಾಣಿಗಳ ಮಟ್ಟಿಗೆ ಅದು ಸರಿ. ಟ್ಯಾಸ್ಮೇನಿಯನ್ ಡೆವಿಲ್ ಮಾತ್ರ ಬೇರೆಯೇ ಕತೆ. ವಿಕಾಸ, ಪರಿಸರ, ವನ್ಯಜೀವಿ ರೋಗ, ಈ ಮೂರನ್ನೂ ಒಟ್ಟಿಗೆ ಓದಬೇಕು ಅಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಡೆವಿಲ್ ಮಾಂಸ ತಿನ್ನುವ ಚೀಲಹೊಟ್ಟೆ ಪ್ರಾಣಿ. ಈಗ ಕಾಡಿನಲ್ಲಿ ಉಳಿದಿರುವುದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ. 1996ರಲ್ಲಿ ದ್ವೀಪದ ಈಶಾನ್ಯ ಮೂಲೆಯಲ್ಲಿ ಮುಖದ ತುಂಬಾ ಗೆಡ್ಡೆ ಬೆಳೆದ ಡೆವಿಲ್‌ಗಳ ಫೋಟೋ ಸಿಕ್ಕಿತು. ರೋಗದ ಮೊದಲ ದಾಖಲೆ ಅದೇ. ಗೆಡ್ಡೆ ಕಾಣಿಸಿಕೊಂಡ ಪ್ರಾಣಿ ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಸಾಯುತ್ತದೆ.

ಮೊದಲಿಗೆ ಯಾರಿಗಾದರೂ ಬರುವ ಅನುಮಾನ ವೈರಸ್ ಮೇಲೆ. ಗರ್ಭಕಂಠದ ಕ್ಯಾನ್ಸರ್ ಹಿಂದೆ ವೈರಸ್ ಇಲ್ವಾ, ಹಾಗೆ. ಉತ್ತರ ಸಿಕ್ಕಿದ್ದು ವರ್ಣತಂತುಗಳಲ್ಲಿ. ಆ್ಯನ್-ಮರೀ ಪಿಯರ್ಸ್ ಮತ್ತು ಕೇಟ್ ಸ್ವಿಫ್ಟ್ 2006ರಲ್ಲಿ ಪ್ರಕಟಿಸಿದ ಕೆಲಸ ಇದು. ಆರೋಗ್ಯವಂತ ಡೆವಿಲ್ ಜೀವಕೋಶದಲ್ಲಿ 14 ವರ್ಣತಂತುಗಳು ಇರುತ್ತವೆ. ಗೆಡ್ಡೆಯ ಕೋಶಗಳಲ್ಲಿ ಇದ್ದದ್ದು 13, ಅದೂ ಕಲಸುಮೇಲೋಗರವಾಗಿ. ವಿಚಿತ್ರ ಏನೆಂದರೆ ಬೇರೆ ಬೇರೆ ಪ್ರಾಣಿಗಳ ಗೆಡ್ಡೆಗಳಲ್ಲೂ ಅದೇ ಕಲಸುಮೇಲೋಗರ. ಪ್ರತಿ ಪ್ರಾಣಿಯಲ್ಲೂ ಹೊಸದಾಗಿ ಕ್ಯಾನ್ಸರ್ ಹುಟ್ಟಿದ್ದರೆ ಹೀಗೆ ಆಗಲು ಸಾಧ್ಯವೇ ಇಲ್ಲ.

ಇನ್ನೊಂದು ಸಾಕ್ಷಿ ನನಗೆ ಇದಕ್ಕಿಂತ ಇಷ್ಟ. ಒಂದು ಡೆವಿಲ್‌ನ ಸ್ವಂತ ಕೋಶಗಳಲ್ಲಿ 5ನೇ ವರ್ಣತಂತುವಿನ ಒಂದು ತುಂಡು ಹುಟ್ಟಿನಿಂದಲೇ ತಿರುಗುಮುರುಗಾಗಿತ್ತು. ಅದೇ ಪ್ರಾಣಿಯ ಗೆಡ್ಡೆಯಲ್ಲಿ ಆ ಗುರುತೇ ಇಲ್ಲ! ಅಂದರೆ ಗೆಡ್ಡೆ ಅದರ ಮೈಯಲ್ಲಿ ಹುಟ್ಟಿದ್ದಲ್ಲ, ಹೊರಗಿನಿಂದ ಬಂದಿದ್ದು. ಇಲ್ಲಿ ರೋಗಾಣು ಅಂದರೆ ಕ್ಯಾನ್ಸರ್ ಕೋಶವೇ. ಊಟಕ್ಕೋ ಸಂಗಾತಿಗೋ ಡೆವಿಲ್‌ಗಳು ಮುಖಕ್ಕೆ ಕಚ್ಚಿ ಜಗಳವಾಡುತ್ತವೆ, ಆಗ ಆ ಕೋಶ ದಾಟುತ್ತದೆ. ಎಂದೋ ಸತ್ತುಹೋದ ಒಂದು ಹೆಣ್ಣು ಡೆವಿಲ್‌ನ ಕೋಶಗಳು ಇಂದಿಗೂ ಬೇರೆಯವುಗಳ ಮುಖದಲ್ಲಿ ಬದುಕಿವೆ. ನಾಯಿಗಳಲ್ಲೂ ಕೆಲವು ಚಿಪ್ಪುಜೀವಿಗಳಲ್ಲೂ ಇಂಥ ಕ್ಯಾನ್ಸರ್ ಇದೆ. ನಾಯಿಯದು ಸಾವಿರಾರು ವರ್ಷ ಹಳೆಯದು.

2010ರಲ್ಲಿ ಈ ಕೋಶದ ಮೂಲವೂ ಗೊತ್ತಾಯಿತು. ನರಗಳ ಸುತ್ತ ಹೊದಿಕೆ ಕಟ್ಟುವ ಶ್ವಾನ್ ಕೋಶಗಳ ಜೀನುಗಳೇ ಗೆಡ್ಡೆಯಲ್ಲೂ ಕೆಲಸ ಮಾಡುತ್ತಿದ್ದವು. ಶ್ವಾನ್ ಕೋಶಗಳು ತಯಾರಿಸುವ ಪೆರಿಯಾಕ್ಸಿನ್ ಎಂಬ ಪ್ರೋಟೀನ್ ನೋಡಿ ಈಗ ರೋಗವನ್ನು ಖಚಿತ ಮಾಡುತ್ತಾರೆ.

ಈಗ ನಿಜವಾದ ಗಂಟು. ಬೇರೆ ಪ್ರಾಣಿಯ ಕೋಶ ಮೈಗೆ ಬಂದರೆ ರೋಗನಿರೋಧಕ ವ್ಯವಸ್ಥೆ ಅದನ್ನು ಕೊಲ್ಲಬೇಕು, ಅಲ್ವಾ? ಕೊಲ್ಲುವುದಿಲ್ಲ ಯಾಕೆ? ಹಳೆಯ ಟಿಪ್ಪಣಿಗಳಲ್ಲಿ ಸಿಗುವ ಉತ್ತರ ಹೀಗೆ: ಡೆವಿಲ್‌ಗಳಲ್ಲಿ ತಳಿ ವೈವಿಧ್ಯ ತೀರಾ ಕಡಿಮೆ, ಆದ್ದರಿಂದ ಪರಕೀಯ ಕೋಶವೂ ತಮ್ಮದೇ ಅನ್ನಿಸುತ್ತದೆ. ವೈವಿಧ್ಯ ಕಡಿಮೆ ಎಂಬುದು ನಿಜ. ಆದರೆ ಒಂದು ಡೆವಿಲ್‌ನ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿ ನೋಡಿದಾಗ ದೇಹ ಅದನ್ನು ತಿರಸ್ಕರಿಸಿತು. ಪರಕೀಯವನ್ನು ಗುರುತಿಸುವ ಶಕ್ತಿ ಅವಕ್ಕೆ ಇದೆ ಅಂತಾಯ್ತು. ಹಾಗಾಗಿ ಆ ಉತ್ತರವನ್ನು ಸುಮ್ನೆ ಬಾಯಿಪಾಠ ಮಾಡಬೇಡಿ.

2013ರಲ್ಲಿ ಹೆಚ್ಚು ಸರಿಯಾದ ಉತ್ತರ ಬಂತು. ನಮ್ಮ ಕೋಶಗಳ ಮೇಲ್ಮೈಯಲ್ಲಿ ಒಂದನೇ ವರ್ಗದ ಎಂಎಚ್‌ಸಿ ಎಂಬ ಪ್ರೋಟೀನ್‌ಗಳಿವೆ. ಒಳಗೆ ಏನು ತಯಾರಾಗುತ್ತಿದೆ ಎಂಬುದರ ಚೂರುಗಳನ್ನು ಅವು ಹೊರಗೆ ಹಿಡಿದು ತೋರಿಸುತ್ತವೆ. ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಟಿ ಕೋಶಗಳು ನೋಡುವುದು ಅದನ್ನೇ. ಗೆಡ್ಡೆಯ ಕೋಶಗಳು ಈ ಪ್ರೋಟೀನ್‌ಗಳನ್ನು ಹೊರಗೆ ಇಡುವುದೇ ಇಲ್ಲ. ಜೀನು ಕಳೆದುಹೋಗಿದೆಯಾ? ಇಲ್ಲ. ಬಲ್ಬ್ ಒಡೆದಿಲ್ಲ, ಸ್ವಿಚ್ ಆಫ್ ಆಗಿದೆ ಅಷ್ಟೇ. ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಕೊಟ್ಟರೆ ಎಂಎಚ್‌ಸಿ ಮತ್ತೆ ಮೇಲ್ಮೈಗೆ ಬರುತ್ತದೆ. ಡಿಎನ್‌ಎ ಅಕ್ಷರ ಬದಲಾಗದೆ ಜೀನಿನ ಕೆಲಸ ಬದಲಾಗುವ ಎಪಿಜೆನೆಟಿಕ್ಸ್‌ಗೆ ಇದು ಚೆನ್ನಾದ ಉದಾಹರಣೆ. ಆಮೇಲಿನ ಲಸಿಕೆಯ ಪ್ರಯತ್ನಗಳೂ ಇದನ್ನು ಬಳಸಿಕೊಂಡವು.

ಪರಿಸರದ ಕಡೆ ಬರೋಣ. ಸಾಮಾನ್ಯವಾಗಿ ಪ್ರಾಣಿಗಳು ವಿರಳವಾದಂತೆ ಅಂಟುರೋಗ ತಾನೇ ಸೋಲುತ್ತದೆ, ಹರಡಲು ಜೊತೆ ಸಿಗುವುದಿಲ್ಲ. ಡೆವಿಲ್‌ಗಳು ಎಷ್ಟೇ ಕಡಿಮೆಯಾದರೂ ಮಿಲನದ ಕಾಲದಲ್ಲಿ ಹುಡುಕಿಕೊಂಡು ಹೋಗಿ ಸೇರುತ್ತವೆ, ಕಚ್ಚುತ್ತವೆ. ಹರಡುವಿಕೆ ಸಾಂದ್ರತೆಯ ಮೇಲೆ ಅಷ್ಟಾಗಿ ನಿಂತಿಲ್ಲ. ರೋಗ ಹರಡುವ ಗಣಿತ ಮಾದರಿಗಳ ಲೆಕ್ಕದಲ್ಲಿ ಇಂಥ ರೋಗ ಒಂದು ಪ್ರಭೇದವನ್ನೇ ಮುಗಿಸಬಲ್ಲದು. ಕೆಲವು ಕಡೆ ಶೇ 80ಕ್ಕಿಂತ ಜಾಸ್ತಿ ಡೆವಿಲ್‌ಗಳು ಕಾಣೆಯಾದವು. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಪ್ರಾಣಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇನ್ನೊಂದು ಅಚ್ಚರಿ ಇದೆ. ಜಾಸ್ತಿ ಕಚ್ಚಿಸಿಕೊಂಡದ್ದಕ್ಕೇ ರೋಗ ಜಾಸ್ತಿ ಬರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಕಂಡದ್ದು ಉಲ್ಟಾ. ಕಡಿಮೆ ಗಾಯ ಇರುವ, ಅಂದರೆ ಮೇಲುಗೈ ಇರುವ ಜಗಳಗಂಟ ಡೆವಿಲ್‌ಗಳಿಗೇ ಗೆಡ್ಡೆ ಹೆಚ್ಚು. ಅವು ಎದುರಾಳಿಯ ಗೆಡ್ಡೆಗೇ ಬಾಯಿ ಹಾಕುತ್ತವೆ. ಹಾಗಾದರೆ ಸೌಮ್ಯ ಸ್ವಭಾವಕ್ಕೆ ಲಾಭ ಸಿಗಬಹುದಾ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಪ್ರಾಣಿಗಳೂ ಬದಲಾಗುತ್ತಿವೆ. ಮೊದಲು ಹೆಣ್ಣುಗಳು ಎರಡನೇ ವರ್ಷದಲ್ಲಿ ಮರಿ ಹಾಕಲು ಶುರುಮಾಡುತ್ತಿದ್ದವು. ರೋಗ ಬಂದ ಕಡೆ ಒಂದನೇ ವರ್ಷದಲ್ಲೇ ಮರಿ ಹಾಕುವುದು ತುಂಬಾ ಹೆಚ್ಚಿತು. ಇದರಲ್ಲಿ ವಿಕಾಸದ ಪಾಲು ಎಷ್ಟು, ಪೈಪೋಟಿ ತಗ್ಗಿ ಊಟ ಹೆಚ್ಚು ಸಿಕ್ಕಿದ್ದರ ಪಾಲು ಎಷ್ಟು ಎಂದು ಬಿಡಿಸಿ ನೋಡಬೇಕು. ಎರಡನ್ನೂ ಒಂದೇ ಮಾಡಿಬಿಡುವುದು ಪರೀಕ್ಷೆಯಲ್ಲಿ ಆಗುವ ಮಾಮೂಲಿ ತಪ್ಪು. ಜೀನುಗಳ ಮಟ್ಟದ ಸಾಕ್ಷಿ 2016ರಲ್ಲಿ ಬಂತು: ಮೂರು ಜಾಗಗಳ ಮಾದರಿಗಳಲ್ಲಿ, ಬರೀ 4ರಿಂದ 6 ತಲೆಮಾರಿನಲ್ಲಿ, ಜೀನೋಮಿನ ಎರಡು ಭಾಗಗಳು ನಿಸರ್ಗದ ಆಯ್ಕೆಗೆ ಒಳಗಾದ ಗುರುತು ತೋರಿದವು. ಅಲ್ಲಿರುವ ಜೀನುಗಳಲ್ಲಿ ಹಲವು ರೋಗನಿರೋಧಕತೆಗೋ ಕ್ಯಾನ್ಸರ್‌ಗೋ ಸಂಬಂಧಿಸಿದವು.

ಡೆವಿಲ್ ಕಡಿಮೆಯಾದರೆ ಕಾಡಿಗೆ ಏನಾಗುತ್ತದೆ? ಹೆಣಗಳು ಹೆಚ್ಚು ದಿನ ಬಿದ್ದಿರುತ್ತವೆ. ಮರದ ಮೇಲೆ ಇರುತ್ತಿದ್ದ ಪಾಸಮ್ ಎಂಬ ಚಿಕ್ಕ ಚೀಲಹೊಟ್ಟೆ ಪ್ರಾಣಿಗಳು ಧೈರ್ಯವಾಗಿ ನೆಲಕ್ಕಿಳಿದು ಮೇಯುತ್ತವೆ. ಇನ್ನು ರೋಗವಿಲ್ಲದ ಡೆವಿಲ್‌ಗಳನ್ನು 2012ರಿಂದ ಟ್ಯಾಸ್ಮೇನಿಯಾದ ಪಕ್ಕದ ಪುಟ್ಟ ಮರಾಯಾ ದ್ವೀಪಕ್ಕೆ ಬಿಟ್ಟಾಗ ಅವೇನೋ ಚೆನ್ನಾಗಿ ಬೆಳೆದವು, ಆದರೆ ಅಲ್ಲಿನ ಪುಟ್ಟ ಪೆಂಗ್ವಿನ್‌ಗಳ ನೆಲೆ ಹಾಳಾಯಿತು. ಒಂದನ್ನು ಉಳಿಸಲು ಹೋದಾಗ ಇನ್ನೊಂದಕ್ಕೆ ಪೆಟ್ಟು.

2014ರಲ್ಲಿ ಟ್ಯಾಸ್ಮೇನಿಯಾದ ಆಗ್ನೇಯದಲ್ಲಿ ಇನ್ನೊಂದು ಗೆಡ್ಡೆ ಸಿಕ್ಕಿತು. ಮೇಲಿನಿಂದ ನೋಡಿದರೆ ಅದೇ ರೋಗ. ಕೋಶದಲ್ಲಿ ಮಾತ್ರ ವೈ ವರ್ಣತಂತು ಇತ್ತು, ಅಂದರೆ ಇದರ ಮೂಲ ಒಂದು ಗಂಡು ಡೆವಿಲ್. ಇದೂ ಶ್ವಾನ್ ಕೋಶದ ವಂಶವೇ. ಒಂದೇ ಪ್ರಭೇದದಲ್ಲಿ, ಒಂದೇ ಬಗೆಯ ಕೋಶದಿಂದ, ಎರಡು ಸಲ! ಮುಖದ ಗಾಯ ಮಾಯುವಾಗ ನರಗಳನ್ನು ರಿಪೇರಿ ಮಾಡಲು ಶ್ವಾನ್ ಕೋಶಗಳು ವೇಗವಾಗಿ ಹೆಚ್ಚುತ್ತವೆ, ದಾರಿ ತೆರೆಯುವುದು ಆಗಲೇ ಇರಬಹುದು ಎಂಬುದು ಒಂದು ಊಹೆ. ಎರಡನೆಯ ಗೆಡ್ಡೆಯ ಹಲವು ಕೋಶಗಳಲ್ಲಿ ಎಂಎಚ್‌ಸಿ ಇನ್ನೂ ಮೇಲ್ಮೈಯಲ್ಲಿದೆ. ಆದರೂ ಅದು ಹರಡುತ್ತಿದೆ. ಎಂಎಚ್‌ಸಿ ಅಡಗಿಸುವುದೊಂದೇ ದಾರಿ ಅಂತ ಬರೆದುಕೊಂಡಿದ್ದರೆ ಆ ಸಾಲನ್ನು ತಿದ್ದಿಕೊಳ್ಳಿ.