ಮರೆವಿನ ಕಾಯಿಲೆ: ಮೊದಲು ಯಾರಿಗೆ ಹೇಳಬೇಕು?

ದಾವಣಗೆರೆಯ ಅಜ್ಜನೊಬ್ಬ ಒಂದೇ ಬೆಳಿಗ್ಗೆ ಮೂರು ಸಲ ಮಂಡಕ್ಕಿ ತಂದರೆ ಮನೆಯವರು 'ವಯಸ್ಸಾತು, ಅರಳು ಮರಳು' ಅಂದು ಸುಮ್ಮನಾಗುತ್ತಾರೆ. ವೈದ್ಯರು ಅದಕ್ಕೆ ಡಿಮೆನ್ಶಿಯಾ ಎಂದು ಹೆಸರಿಟ್ಟ ಮೇಲೆ ಗುಸುಗುಸು ಶುರು. ಸುದ್ದಿ ಅಣ್ಣತಮ್ಮಂದಿರಿಂದ ಬೀಗರವರೆಗೂ ಮುಟ್ಟುತ್ತದೆ, ಅಜ್ಜನೊಬ್ಬನಿಗೆ ಮಾತ್ರ ಯಾರೂ ಹೇಳುವುದಿಲ್ಲ. ಈ ಕ್ರಮವೇ ತಲೆಕೆಳಗು.

ಹಾಗಂತ ತಪಾಸಣೆ ಮುಗಿಯುವ ಮುನ್ನ ಅವಸರವೂ ಬೇಡ. ಬಿ12 ಕೊರತೆ, ಥೈರಾಯ್ಡ್ ಕುಗ್ಗುವಿಕೆ, ಖಿನ್ನತೆ, ಹಿಂದೆಂದೋ ಬಿದ್ದಾಗ ತಲೆಬುರುಡೆಯೊಳಗೆ ನಿಧಾನಕ್ಕೆ ಕಟ್ಟಿಕೊಂಡ ರಕ್ತ, ಇವೂ ಮರೆವಾಗಿಯೇ ಕಾಣಿಸಿಕೊಳ್ಳುತ್ತವೆ ಮತ್ತು ಚಿಕಿತ್ಸೆಗೆ ಬಗ್ಗುತ್ತವೆ. ಒಂದೆರಡು ದಿನದಲ್ಲಿ ದಿಢೀರನೆ ಗಲಿಬಿಲಿಯಾದರಂತೂ ಮೂತ್ರದ ಸೋಂಕೋ ಸೋಡಿಯಂ ಕುಸಿತವೋ ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ರೋಗ ಖಚಿತವಾದ ಮೇಲೆ ಮೊದಲ ಹಕ್ಕು ರೋಗಿಯದೇ. ಡಿಮೆನ್ಶಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಸೊರಗುವುದು ಹೊಸ ನೆನಪು ಕೂಡಿಡುವ ಮೆದುಳಿನ ಭಾಗ, ಹಿಪೊಕ್ಯಾಂಪಸ್. ನಿನ್ನೆ ಉಂಡದ್ದು ಮರೆತವರಿಗೂ ತನಗೇನು ಬೇಕು, ಯಾರನ್ನು ನಂಬಬಹುದು ಎಂಬ ತಿಳಿವು ಇನ್ನೂ ಕೆಲಕಾಲ ಉಳಿದಿರುತ್ತದೆ. ಹೇಳಬೇಕಾದ್ದು ಆ ಅವಧಿಯಲ್ಲೇ.

ಬೆಳಗಿನ ಹೊತ್ತು, ಟಿವಿ ಆರಿಸಿ, ಕನ್ನಡಕ ಹಾಕಿಸಿ, ಅವರು ನಂಬುವ ಒಬ್ಬರಷ್ಟೇ ಪಕ್ಕದಲ್ಲಿ ಕೂತು ಮೊದಲು ಕೇಳಿ: 'ಅಪ್ಪಾಜಿ, ಡಾಕ್ಟರು ಹೇಳಿದ್ದು ತಿಳ್ಕೋತೀರೇನು?' ಬೇಡ ಎಂದರೆ ಒತ್ತಾಯಿಸದೆ ಇನ್ನೊಂದು ದಿನ ಕೇಳಿ. ಹೂಂ ಎಂದರೆ ಎರಡೇ ವಾಕ್ಯ ಸಾಕು: 'ನೆನಪಿನ ಶಕ್ತಿ ಕಡಿಮೆ ಮಾಡೋ ಕಾಯಿಲೆ ಐತಂತೆ. ಔಷಧಿ ಕೊಟ್ಟಾರೆ, ನಾವು ಜೊತೆಗಿದ್ದೀವಿ.' ಆಮೇಲೆ, 'ಇದನ್ನ ಯಾರಿಗೆ ಹೇಳೋಣ?' ಅವರು ಹೇಳಿದ ಹೆಸರುಗಳನ್ನು ಬರೆದಿಡಿ. ನಾಳೆ ಈ ಮಾತೇ ಮರೆತುಹೋಗಬಹುದು. ಆದರೆ ಮಾತು ಅಳಿಸಿದ ಮೇಲೂ ಅದರಿಂದಾದ ದುಗುಡ ಉಳಿಯುತ್ತದೆ, ಆದ್ದರಿಂದ ಕಾಯಿಲೆ ಬಲಿತವರಿಗೆ ದಿನಾ ಅದೇ ಸುದ್ದಿ ಹೇಳುವುದು ಕ್ರೌರ್ಯ.

ಮಕ್ಕಳಿಗೆ ಬೇಗ ತಿಳಿಯಬೇಕಾದ್ದಕ್ಕೆ ಒಂದು ಕಾರಣ ಆಸ್ತಿ ಪತ್ರ. ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ) ಮಾಡಿಸಿದ್ದೇವೆ, ಸಾಕು ಎಂದು ತುಂಬ ಜನ ನಂಬಿರುತ್ತಾರೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಅಧಿಕಾರವೂ ಮುಗಿಯಿತು. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಉಯಿಲು ಬರೆಸುವುದಿದ್ದರೆ ತಿಳಿವಿರುವಾಗಲೇ ಬರೆಸಿ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳು ಬೇಕು. ತಿಳಿವು ಸರಿಯಾಗಿದೆ ಎಂದು ಅದೇ ದಿನ ವೈದ್ಯರಿಂದ ಬರೆಸಿಟ್ಟುಕೊಂಡರೆ ಮುಂದೆ ಜಗಳಕ್ಕೆ ಆಸ್ಪದ ಕಡಿಮೆ.

ಬೇರೆ ವೈದ್ಯರಿಗೂ ಮೆಡಿಕಲ್ ಸ್ಟೋರಿನವರಿಗೂ ಹೇಳಲು ಒಂದು ದಿನವೂ ತಡ ಬೇಡ. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಮೆದುಳಿನಲ್ಲಿ ನೆನಪಿಗೆ ನೆರವಾಗುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ನೆಗಡಿಯ ಕ್ಲೋರ್‌ಫೆನಿರಮೈನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಅದರ ಕೆಲಸಕ್ಕೇ ಅಡ್ಡಗಾಲು. ಡೊನೆಪೆಜಿಲ್ ಜೊತೆಗೆ ಇವೂ ಹೊಟ್ಟೆಗೆ ಹೋದರೆ ಗೊಂದಲ ಹೆಚ್ಚುತ್ತದೆ, ಮನೆಯವರು ಕಾಯಿಲೆ ಬಲಿಯಿತೆಂದು ಕಂಗಾಲಾಗುತ್ತಾರೆ. ಯಾವುದೇ ಆಪರೇಷನ್‌ಗೆ ಮುಂಚೆಯೂ ಹೇಳಿ, ಅದಾದ ಮೇಲೆ ಇಂಥವರಿಗೆ ಭ್ರಮೆ, ಗಲಿಬಿಲಿ ಹೆಚ್ಚು.

ದೂರದ ನೆಂಟರು ಕಾಯಬಹುದು. ಮೊಮ್ಮಕ್ಕಳು ಕಾಯಬಾರದು, ಅಜ್ಜ ಬೇಕಂತ ಹಾಗೆ ಮಾಡುತ್ತಿಲ್ಲ, ಇದು ಅಂಟುವುದಿಲ್ಲ ಎಂದರೆ ಅವರಿಗೆ ಅರ್ಥವಾಗುತ್ತದೆ. ಹೇಳುವುದು ಹೇಗೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಇನ್ನು ಓಣಿಯವರು. ಅಜ್ಜ ಒಬ್ಬರೇ ಹೊರಗೆ ಓಡಾಡುತ್ತಿದ್ದರೆ, ದಾರಿ ತಪ್ಪುವ ಮೊದಲೇ ಅವರ ಒಪ್ಪಿಗೆ ಕೇಳಿ ಆಟೋ ಸ್ಟ್ಯಾಂಡಿಗೂ ಮಂಡಕ್ಕಿ ಅಂಗಡಿಗೂ ತಿಳಿಸಿ. ರೋಗದ ಪೂರ್ತಿ ಕಥೆ ಅಲ್ಲಿ ಬೇಕಾಗಿಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟು ಇಷ್ಟಂದರಾಯಿತು: 'ನಮ್ಮ ಅಪ್ಪಾಜಿಗೆ ಮರೆವು ಐತ್ರಿ. ಮತ್ತೆ ಮತ್ತೆ ಬಂದ್ರೆ ಬೈಬ್ಯಾಡ್ರಿ, ಕುಂದ್ರಿಸಿ ಒಂದು ಫೋನ್ ಮಾಡ್ರಿ.'