ಇಷ್ಟು ಚಿಕ್ಕ ಹೋಲ್‌ಗೆ ಅಷ್ಟು ಹೆದರಿಕೆ ಏಕೆ?

ಪ್ರಶ್ನೆ: ನಾನು ಬೇಸಾಯದವನು, ಗಾಲ್ಫ್ ಗೊತ್ತಿಲ್ಲ. ಮಗಳು ಮೈಸೂರಿನಲ್ಲಿ ಓದುತ್ತಾ ಆ ಆಟ ಕಲಿಯುತ್ತಿದ್ದಾಳೆ. ಐನೂರು ಗಜದ ಹೋಲ್ ಆಡುವಾಗ ನಗುನಗುತ್ತಾ ಇರುವವಳು ನೂರೈವತ್ತು ಗಜದ್ದು ಬಂದರೆ ಮಂಕಾಗುತ್ತಾಳೆ. ಹತ್ತಿರವಿದ್ದಷ್ಟೂ ಸುಲಭವಲ್ಲವೇ? ಹಳೆಯ ಮೈದಾನಗಳಲ್ಲಿ ಚಿಕ್ಕ ಹೋಲ್‌ಗಳಿಗೇ ಹೆಸರು ಹೆಚ್ಚು ಎಂದೂ ಹೇಳುತ್ತಾಳೆ. ಏಕೆ ಹಾಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಮಗಳ ಹೆದರಿಕೆಯಲ್ಲಿ ಅರ್ಥವಿದೆ. ಆಟ ಅವಳಿಗೆ ಒಗ್ಗತೊಡಗಿದೆ ಎಂದೇ ನಾನು ತಿಳಿಯುತ್ತೇನೆ.

ಗಾಲ್ಫ್‌ನಲ್ಲಿ ‘ಹೋಲ್’ ಎಂದರೆ ಬರೀ ಕುಳಿಯಲ್ಲ. ಮೊದಲ ಹೊಡೆತದ ಜಾಗವಾದ ಟೀಯಿಂದ ಕುಳಿಯವರೆಗಿನ ಇಡೀ ಹಾದಿ. ಚಿಕ್ಕ ಹೋಲ್‌ನ ಲೆಕ್ಕ ಮೂರು ಹೊಡೆತ. ಒಂದೇ ಏಟಿಗೆ ಚೆಂಡು ಗ್ರೀನ್ ಸೇರಬೇಕು, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳವನ್ನು ಸೇರಬೇಕು. ಉಳಿದ ಎರಡು ಅಲ್ಲಿ ಉರುಳಿಸುವುದಕ್ಕೆ. ಉದ್ದದ ಹೋಲ್‌ನಲ್ಲಿ ಮೊದಲ ಏಟು ಸೊಟ್ಟಗಾದರೂ ಎರಡನೆಯದರಲ್ಲಿ, ಮೂರನೆಯದರಲ್ಲಿ ಸರಿಮಾಡಿಕೊಳ್ಳಬಹುದು. ಇಲ್ಲಿ ಆ ಸಾವಕಾಶವಿಲ್ಲ.

ಮೈದಾನ ರೂಪಿಸಿದವನ ಕಡೆಯಿಂದಲೂ ನೋಡಿ. ಉದ್ದದ ಹೋಲ್‌ನಲ್ಲಿ ಆಟಗಾರ ಎಲ್ಲಿಂದ ಗ್ರೀನಿಗೆ ಗುರಿಯಿಡುತ್ತಾನೋ ರೂಪಿಸಿದವನಿಗೆ ಗೊತ್ತಿರುವುದಿಲ್ಲ. ಒಬ್ಬ ಎಡದಿಂದ, ಇನ್ನೊಬ್ಬ ಮರದ ಬುಡದಿಂದ. ಚಿಕ್ಕ ಹೋಲ್‌ನಲ್ಲಿ ಮಾತ್ರ ಆಟಗಾರನ ಕಾಲು ಎಲ್ಲಿ ಊರಿದೆ, ಚೆಂಡು ಎಲ್ಲಿ ಕುಳಿತಿದೆ ಎಂಬುದು ಮೊದಲೇ ಗೊತ್ತು. ಆದ್ದರಿಂದ ಅಲ್ಲಿ ಅವನು ಪ್ರಶ್ನೆಯನ್ನು ಬಿಗಿಯಾಗಿ ಕೇಳಬಲ್ಲ. ಹಳೆಯ ಮೈದಾನಗಳ ಸೊಗಸು ಇರುವುದು ಆ ಪ್ರಶ್ನೆಗಳಲ್ಲಿ.

ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್ ಮೈದಾನದ 15ನೇ ಹೋಲ್ ನನ್ನ ಮಟ್ಟಿಗೆ ಇವುಗಳಲ್ಲಿ ಹಿರಿಯದು. ಉದ್ದ ಸುಮಾರು 190 ಗಜ, ಹೆಸರು ‘ರೆಡಾನ್’. ಅದನ್ನು ಮನೆಯಲ್ಲೇ ಕಟ್ಟಿ ನೋಡಬಹುದು. ಊಟದ ಮಣೆಯೊಂದನ್ನು ನೆಲದ ಮೇಲಿಟ್ಟು, ನಿಮಗೆ ಹತ್ತಿರವಿರುವ ಬಲ ಮೂಲೆಯ ಅಡಿಗೆ ದಪ್ಪ ಪುಸ್ತಕವೊಂದನ್ನು ತೂರಿಸಿ. ಮಣೆ ಈಗ ದೂರದ ಎಡ ಮೂಲೆಯತ್ತ ವಾಲುತ್ತದೆ. ಕುಳಿಯ ಗುರುತಿಗೆ ನೆಟ್ಟ ಬಾವುಟ ಇರುವುದು ಆ ಮೂಲೆಯ ಬಳಿ. ಹತ್ತಿರದ ಎಡ ಮೂಲೆಯ ಮುಂದೆ ಒಂದು ಬಟ್ಟಲಿಡಿ. ಅದೇ ಬಂಕರ್, ಮರಳಿನ ಆಳವಾದ ಹಳ್ಳ. ಈಗ ಒಂದು ನಿಂಬೆಹಣ್ಣನ್ನು ನೇರವಾಗಿ ಬಾವುಟದತ್ತ ಎಸೆಯಿರಿ. ಕಡಿಮೆಯಾದರೆ ಬಟ್ಟಲಿಗೆ. ಬಟ್ಟಲು ದಾಟಿದರೆ ಇಳಿಜಾರಿನ ಮೇಲೆ ನಿಲ್ಲದೆ ಮಣೆಯಾಚೆಗೆ. ಅದನ್ನೇ ಪುಸ್ತಕವಿಟ್ಟ ಮೂಲೆಯ ಮೇಲೆ ಮೆಲ್ಲಗೆ ಬಿಡಿ. ಓರೆಯಾಗಿ ಉರುಳಿಕೊಂಡು ತಾನೇ ಬಾವುಟದ ಹತ್ತಿರ ಹೋಗುತ್ತದೆ. ಗುರಿ ಇರುವುದು ಎಡಕ್ಕೆ, ಹೊಡೆಯಬೇಕಾದದ್ದು ಬಲಕ್ಕೆ. ಸಾಲದ್ದಕ್ಕೆ, ಅಲ್ಲಿ ಟೀಯಲ್ಲಿ ನಿಂತವನ ಕಣ್ಣಿಗೆ ಗ್ರೀನಿನ ನೆಲವೇ ಕಾಣುವುದಿಲ್ಲ, ನಡುವೆ ದಿಬ್ಬ. ನೆಲವನ್ನು ನಂಬಿ ಹೊಡೆಯಬೇಕು.

ರೆಡಾನ್ ಎಂಬುದು ಕೋಟೆಯವರ ಮಾತು. ಶತ್ರುವಿನ ಕಡೆಗೆ ಮೊನೆ ಚಾಚಿ ಕಟ್ಟಿದ ಕೊತ್ತಲಕ್ಕೆ ಆ ಹೆಸರು. ಕ್ರಿಮಿಯಾ ಯುದ್ಧದಲ್ಲಿ, 1855ರಲ್ಲಿ, ಸೆವಾಸ್ಟೊಪೋಲಿನ ಅಂಥ ಕೊತ್ತಲದ ಮೇಲೆ ಬ್ರಿಟಿಷರು ಜೂನ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಎದುರಿನಿಂದಲೇ ನುಗ್ಗಿ ಎರಡು ಸಲವೂ ಸೋತರು. ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1799ರಲ್ಲಿ ಆ ಕೋಟೆಯ ಗೋಡೆ ಒಡೆದದ್ದು ವಾಯವ್ಯ ಮೂಲೆಯಲ್ಲಿ, ಬೇಸಿಗೆಯ ಕಾವೇರಿ ಇಳಿದಿದ್ದಾಗ. ಎಲ್ಲಿಂದ ಹತ್ತಬೇಕೆಂಬ ಲೆಕ್ಕಾಚಾರವೇ ಅರ್ಧ ಯುದ್ಧ. ರೆಡಾನ್ ಹೋಲ್‌ನಲ್ಲೂ ಅಷ್ಟೇ.

ಅಮೆರಿಕದ ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್ ಬ್ರಿಟನ್ನಿನ ಹಳೆಯ ಮೈದಾನಗಳನ್ನು ಸುತ್ತಿ ಒಳ್ಳೆಯ ಹೋಲ್‌ಗಳನ್ನು ಅಭ್ಯಾಸ ಮಾಡಿದರು. ಲಾಂಗ್ ಐಲೆಂಡ್‌ನಲ್ಲಿ ತಾವು ಕಟ್ಟಿದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಆಗಿ ರೆಡಾನನ್ನೇ ತಂದರು. ಆ ಮಾದರಿ ಇಂದಿಗೂ ಊರೂರಿನಲ್ಲಿ ಮರುಹುಟ್ಟು ಪಡೆಯುತ್ತಿದೆ.

ಸ್ಕಾಟ್ಲೆಂಡಿನದೇ ಇನ್ನೊಂದು ಮೈದಾನ, ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ 18 ಹೋಲ್‌ಗಳಿಗೆ ಎರಡೇ ಚಿಕ್ಕವು. ಅವುಗಳಲ್ಲಿ 11ನೆಯದರ ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ, ಎದುರಿಗೆ ಎರಡು ಬಂಕರ್. ಅವುಗಳಿಗೆ ಹೆದರಿ ಉದ್ದ ಹೊಡೆದವನು ಇಳಿಜಾರಿನಲ್ಲಿ ವಾಪಸು ಉರುಳಿಸಬೇಕಾಗುತ್ತದೆ. 1921ರ ಓಪನ್‌ನಲ್ಲಿ, ಅಂದರೆ ಬ್ರಿಟನ್ನಿನ ಹೆಸರಾಂತ ಗಾಲ್ಫ್ ಸ್ಪರ್ಧೆಯಲ್ಲಿ, ಹತ್ತೊಂಬತ್ತರ ಅಮೆರಿಕನ್ ಆಟಗಾರ ಬಾಬಿ ಜೋನ್ಸ್ ಇಲ್ಲಿಯೇ ಬೇಸತ್ತು ಚೆಂಡೆತ್ತಿಕೊಂಡು ಸ್ಪರ್ಧೆ ಬಿಟ್ಟರು. ಅದೇ ಮೈದಾನದಲ್ಲಿ 1927ರಲ್ಲಿ ಅವರು ಓಪನ್ ಗೆದ್ದರು.

ಇನ್ನು ಸ್ಕಾಟ್ಲೆಂಡಿನದೇ ರಾಯಲ್ ಟ್ರೂನ್ ಮೈದಾನದ 8ನೆಯದು, ‘ಪೋಸ್ಟೇಜ್ ಸ್ಟಾಂಪ್’. 123 ಗಜ, ಅಂದರೆ ಐದೂವರೆ ಕ್ರಿಕೆಟ್ ಪಿಚ್‌ಗಳಷ್ಟು ದೂರ. ಓಪನ್ ನಡೆಯುವ ಮೈದಾನಗಳ ಹೋಲ್‌ಗಳಲ್ಲೆಲ್ಲ ಇದೇ ಚಿಕ್ಕದು. ಅಂಚೆಚೀಟಿಯಂಥ ಗ್ರೀನ್ ಮರಳುದಿಬ್ಬದ ಪಕ್ಕೆಗೆ ಅಂಟಿಕೊಂಡಿದೆ. ಸುತ್ತ ಐದು ಬಂಕರ್‌ಗಳು, ಎಡಗಡೆಯ ಇಕ್ಕಟ್ಟಿನದಕ್ಕೆ ‘ಶವಪೆಟ್ಟಿಗೆ’ ಎಂದೇ ಹೆಸರು. ಮೇಲೆ ಸಮುದ್ರದ ಗಾಳಿ. 1950ರಲ್ಲಿ ಜರ್ಮನಿಯ ಹರ್ಮನ್ ಟಿಸೀಸ್ ಈ ದೂರ ದಾಟಲು 15 ಹೊಡೆತ ತೆಗೆದುಕೊಂಡರು. 1973ರಲ್ಲಿ 71 ವರ್ಷದ ಜೀನ್ ಸಾರಜೆನ್ ಒಂದೇ ಏಟಿಗೆ ಕುಳಿಗೆ ಹಾಕಿದರು. ಮರುದಿನ ಬಂಕರಿಗೆ ಬಿದ್ದರೂ ಅಲ್ಲಿಂದಲೇ ಎತ್ತಿ ಎರಡಕ್ಕೆ ಮುಗಿಸಿದರು. ಎಳೆಯ ತೋಳಿಗೂ ಹಣ್ಣಾದ ತೋಳಿಗೂ ಇಲ್ಲಿ ಪಂಕ್ತಿಭೇದವಿಲ್ಲ. ಹೊಸ ಚೆಂಡು, ಹೊಸ ಕ್ಲಬ್‌ಗಳು (ಹೊಡೆಯುವ ಕೋಲುಗಳು) ಬಂದ ಮೇಲೆ ಉದ್ದದ ಹೋಲ್‌ಗಳನ್ನು ಇನ್ನಷ್ಟು ಹಿಗ್ಗಿಸಬೇಕಾಯಿತು. ಇದಕ್ಕೆ ಆ ಅಗತ್ಯ ಬೀಳಲಿಲ್ಲ. ಚಿಕ್ಕ ಹೋಲ್‌ಗಳನ್ನು ಇನ್ನೂರೈವತ್ತು ಗಜಕ್ಕೆ ಎಳೆಯುವ ಈಗಿನ ಚಟ ನನಗೆ ನೋವು ತರುವುದು ಇದಕ್ಕೇ.

ಮಗಳಿಗೆ ಏನು ಹೇಳಬೇಕು? ಚಾಮುಂಡಿ ಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ, ಮಳೆ ನಿಂತ ಒಂದು ಬೆಳಿಗ್ಗೆ, ನಾನು ಬಾವುಟವನ್ನೇ ದಿಟ್ಟಿಸುತ್ತಿದ್ದೆ. ಚೀಲ ಹೊತ್ತಿದ್ದ ಹಿರಿಯ ಕ್ಯಾಡಿ ಮೆಲ್ಲಗೆ ಹೇಳಿದರು: “ಬಾವುಟ ಎಲ್ಲಿಗೂ ಓಡುವುದಿಲ್ಲ ಸ್ವಾಮಿ. ನೀರು ಎತ್ತ ಹರಿದಿದೆ ನೋಡಿ, ಚೆಂಡೂ ಅತ್ತಲೇ ಹೋಗುತ್ತದೆ.” ಗ್ರೀನಿನ ಅಂಚಿನಲ್ಲಿ ಸಣ್ಣ ಕಸಕಡ್ಡಿಯ ಗೆರೆಯೊಂದು ಬಲದಿಂದ ಎಡಕ್ಕೆ ಬಾಗಿ ನಿಂತಿತ್ತು, ನೀರು ಬಿಟ್ಟು ಹೋದ ಗುರುತು.

ಒಮ್ಮೆ ಅವಳ ಜೊತೆ ನೀವೂ ಹೋಗಿ. ಆಟ ಗೊತ್ತಿಲ್ಲ ಎಂದಿರಿ. ನಾಲೆಯ ನೀರನ್ನು ಗದ್ದೆಯಿಂದ ಗದ್ದೆಗೆ ಹಾಯಿಸಿದ ನಿಮಗೆ ಗ್ರೀನಿನ ತಗ್ಗು ಯಾವ ಕಡೆಗಿದೆ ಎಂಬುದು ಅವಳಿಗಿಂತ ಮೊದಲೇ ಕಂಡೀತು.